ಹನ್ನೊಂದನೆಯವಳು

ನೂರಿಪ್ಪತ್ತು ನಿಮಿಷ ಓಡಿದ ಮೇಲೆ ಮನುಷ್ಯರಿಗೆ ಬೇಕಾಗುವುದು ನೀರು, ನೆರಳು, ಮತ್ತು ಸ್ವಲ್ಪ ಹೊತ್ತು ಯಾರೂ ಮಾತಾಡಿಸದೆ ಇರುವುದು. ನಮಗೆ ಸಿಕ್ಕಿದ್ದು ರೆಫರಿ ಮೇಷ್ಟ್ರು.

ಮೈದಾನದ ನಡುವಿನ ವೃತ್ತದಲ್ಲಿ ನಾವು ಹನ್ನೊಂದು ಹೆಂಗಸರು ಕೈಕಾಲು ಚೆಲ್ಲಿ ಬಿದ್ದುಕೊಂಡಿದ್ದೆವು. ಮೇಷ್ಟ್ರು ನೇರವಾಗಿ ನನ್ನ ತಲೆಯ ಹತ್ತಿರ ಬಂದು ನಿಂತು ಜೇಬಿನಿಂದ ಚೀಟಿ, ಪೆನ್ಸಿಲು ತೆಗೆದರು. ಶಾಲೆಯಲ್ಲಿ ಡ್ರಾಯಿಂಗ್ ಹೇಳಿಕೊಟ್ಟು ನಿವೃತ್ತರಾದವರು. ಗೆರೆ ವಕ್ರವಾದರೆ ಅವರಿಗೆ ಅನ್ನ ಇಳಿಯುವುದಿಲ್ಲ.

"ಪಟ್ಟಿಯಕ್ಕ, ಎದ್ದೇಳಿ. ಪೆನಾಲ್ಟಿಗೆ ಮುಂಚೆ ನಿಮ್ಮ ಕಡೆಯಿಂದ ಒಬ್ಬರನ್ನ ಬಿಡಬೇಕು."

"ಎಲ್ಲಿಗೆ ಬಿಟ್ಟು ಬರ್ಲಿ ಮೇಷ್ಟ್ರೇ?" ಮಲಗಿದಲ್ಲಿಂದಲೇ ಕೇಳಿದೆ.

"ಹೊರಗೆ. ಅವರು ಹತ್ತು ಜನ ಉಳಿದಿದ್ದಾರೆ. ನೀವೂ ಹತ್ತಾಗಬೇಕು. ನಿಯಮ."

ನಮ್ಮದು ಆಸ್ಪತ್ರೆಯ ಲಾಂಡ್ರಿ ತಂಡ. ಎದುರಿನವರು ಬಸ್ ಡಿಪೋದ ಕಂಡಕ್ಟರ್ ಹೆಂಗಸರು. ಊರಿನ ಕೆಲಸಗಾರ ಹೆಂಗಸರ ಫುಟ್‌ಬಾಲ್ ಲೀಗಿನಲ್ಲಿ ಎಂಟು ತಂಡಗಳಿವೆ, ಒಂದು ಕಪ್ಪಿದೆ, ಆ ಕಪ್ಪು ಹದಿನೈದು ವರ್ಷಗಳಲ್ಲಿ ಒಮ್ಮೆಯೂ ಲಾಂಡ್ರಿಯ ಹೊಸ್ತಿಲು ದಾಟಿದ್ದಿಲ್ಲ. ಅವತ್ತು ಫೈನಲ್. ಒಂದು ಗೋಲು ಅವರದು, ಒಂದು ನಮ್ಮದು. ಹೆಚ್ಚುವರಿ ಅರ್ಧ ಗಂಟೆ ಆಡಿಸಿದರೂ ಯಾರೂ ಗೋಲು ಹೊಡೆಯಲಿಲ್ಲ, ಹೊಡೆಯುವ ಶಕ್ತಿ ಯಾರ ಕಾಲಿನಲ್ಲೂ ಉಳಿದಿರಲಿಲ್ಲ. ಮುಗಿಯಲು ಐದು ನಿಮಿಷ ಇದ್ದಾಗ ಅವರ ಆಟಗಾರ್ತಿಯೊಬ್ಬಳು ನಮ್ಮ ಗೋಲ್‌ಕೀಪರಿಗೆ ಡಿಕ್ಕಿ ಹೊಡೆದು ಭುಜದ ಮೂಳೆ ಮುರಿದುಕೊಂಡಳು. ಬದಲಿ ಆಟಗಾರ್ತಿಯರನ್ನೆಲ್ಲ ಅವರು ಆಗಲೇ ಇಳಿಸಿ ಮುಗಿಸಿದ್ದರು. ಹಾಗಾಗಿ ಹತ್ತೇ ಜನ ಉಳಿದಿದ್ದರು.

ಡಿಪೋದ ಕ್ಯಾಪ್ಟನ್ ಕಂಡಕ್ಟರಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದಳು. ಮೇಷ್ಟ್ರು ಇಬ್ಬರಿಗೂ ಕೇಳುವಂತೆ ವಿವರಿಸಿದರು.

"ಮೊದಲು ಐದೈದು ಒದೆತ. ಸಮ ಆದರೆ ಆಮೇಲೆ ಒಂದೊಂದು. ತಂಡದ ಎಲ್ಲರೂ ಒಂದು ಸಲ ಒದ್ದು ಮುಗಿಯೋ ತನಕ ಯಾರೂ ಎರಡನೇ ಸಲ ಒದೆಯೋ ಹಾಗಿಲ್ಲ. ಈಗ ನೋಡಿ, ಇವರು ಹತ್ತು, ನೀವು ಹನ್ನೊಂದು. ನಿಮ್ಮ ಹನ್ನೊಂದನೆಯವಳು, ಕೈಲಾಗದವಳು ಅಂತಾನೇ ಕೊನೆಗೆ ಇಟ್ಟಿರೋಳು, ಬಂದು ನಿಂತಾಗ ಇವರ ಕಡೆ ಎಲ್ಲರಿಗಿಂತ ಗಟ್ಟಿಯಾದವಳು ಎರಡನೇ ಸಲ ಒದೀತಿರ್ತಾಳೆ. ಅದು ಅನ್ಯಾಯ. ಅದಕ್ಕೇ ಎರಡೂ ಕಡೆ ಸಮ ಮಾಡ್ಬೇಕು."

"ಅಂದ್ರೆ ನಮ್ಮವಳು ಮೂಳೆ ಮುರ್ಕೊಂಡಿದ್ದು ನಮಗೆ ಲಾಭ ಅಂತೀರಾ?" ಕಂಡಕ್ಟರಮ್ಮನ ದನಿ ಏರಿತು.

"ನಾನು ಅಂತಿಲ್ಲಮ್ಮ. ಲೆಕ್ಕ ಹಾಗನ್ನುತ್ತೆ." ನನ್ನ ಕಡೆ ತಿರುಗಿ, "ಯಾರನ್ನ ಬಿಡ್ಬೇಕು ಅಂತ ನಿಯಮ ಹೇಳಲ್ಲ. ಅದು ಕ್ಯಾಪ್ಟನ್ ತಲೆನೋವು. ಹೆಸರು ಹೇಳಿ, ಬೇಗ" ಅಂದರು.

ತಲೆನೋವು ಅಂದರೆ ನನಗೆ ಗೊತ್ತು. ಲಾಂಡ್ರಿಯಲ್ಲಿ ಪಾಳಿಯ ಪಟ್ಟಿ ಬರೆಯುವವಳು ನಾನು. ಪಟ್ಟಿಯಕ್ಕ ಅನ್ನುವ ಹೆಸರು ಅಂಟಿಕೊಂಡದ್ದು ಅಲ್ಲಿಂದ. ಬೆಳಗಿನ ನಾಲ್ಕು ಗಂಟೆಯ ಪಾಳಿ ಯಾರಿಗೆ, ಇಸ್ತ್ರಿ ರೋಲರು ಯಾರಿಗೆ, ಮಡಿಸುವ ಮೇಜು ಯಾರಿಗೆ, ಭಾನುವಾರ ಯಾರಿಗೆ, ಎಲ್ಲಕ್ಕಿಂತ ಮುಖ್ಯವಾಗಿ ಕೊಳೆ ಕೋಣೆ ಯಾರಿಗೆ. ವಾರ್ಡುಗಳಿಂದ ಬಂದ ಬಟ್ಟೆಯ ಮೂಟೆ ಬಿಚ್ಚಿ, ರಕ್ತದ್ದು ಬೇರೆ, ವಾಂತಿಯದು ಬೇರೆ, ಬರೀ ಬೆವರಿನದು ಬೇರೆ ಅಂತ ವಿಂಗಡಿಸುವ ಕೋಣೆ ಅದು. ಮುಖಕ್ಕೆ ಎರಡು ಪದರ ಬಟ್ಟೆ ಕಟ್ಟಿಕೊಂಡರೂ ಮನೆಗೆ ಹೋದ ಮೇಲೆ ಊಟ ರುಚಿಸುವುದಿಲ್ಲ. ಪ್ರತಿ ಶನಿವಾರ ಮಧ್ಯಾಹ್ನ ನಾನು ಪಟ್ಟಿಯನ್ನು ಬೋರ್ಡಿಗೆ ಅಂಟಿಸುತ್ತೇನೆ, ಐದು ನಿಮಿಷದೊಳಗೆ ಅದರ ಮುಂದೆ ನನ್ನ ಜನ್ಮ ಜಾಲಾಡುತ್ತಾರೆ.

ಪಟ್ಟಿ ಬರೆಯಲು ಶುರುಮಾಡಿದ ಹೊಸದರಲ್ಲಿ ಒಮ್ಮೆ ನನ್ನ ತಂಗಿಗೆ ಸಾಲಾಗಿ ಮೂರು ಭಾನುವಾರ ರಜೆ ಬಿತ್ತು. ಬೇಕಂತ ಹಾಕಿದ್ದಲ್ಲ, ಸರದಿ ಹಾಗೆ ಬಂದಿತ್ತು. ಇಸ್ತ್ರಿ ಮೆಷಿನ್ನಿನ ರೋಲರಮ್ಮ ಅದನ್ನು ಇಡೀ ಲಾಂಡ್ರಿಗೆ ಕೇಳುವ ಹಾಗೆ ಓದಿದಳು. ಇನ್‌ಚಾರ್ಜ್ ಸಾರ್ ನನ್ನನ್ನು ಕರೆದು, "ಮನೆಯವರು ಅಂತ ನೋಡ್ಬಾರ್ದಮ್ಮ" ಅಂದರು. ಅವತ್ತು ನನಗಾದ ಅವಮಾನ ಅಷ್ಟಿಷ್ಟಲ್ಲ. ಅಲ್ಲಿಂದ ಮುಂದೆ ಪಟ್ಟಿಯಲ್ಲಿ ಯಾರಿಗಾದರೂ ಕಷ್ಟದ ಪಾಳಿ ಹಾಕಲೇಬೇಕಾದರೆ ಮೊದಲು ನನ್ನ ತಂಗಿಯ ಹೆಸರು ಹಾಕುತ್ತಿದ್ದೆ. ಯಾರೂ ಬಾಯಿ ತೆರೆಯುವ ಹಾಗಿರಲಿಲ್ಲ. ಹೀಗೆ ಏಳು ವರ್ಷ.

ತಂಗಿಯೂ ಬಾಯಿ ತೆರೆಯಲಿಲ್ಲ. ಅವಳ ಮಗಳ ಶಾಲೆಯಲ್ಲಿ ನಾಟಕ ಇದ್ದ ದಿನವೇ ಕೊಳೆ ಕೋಣೆ ಬಿದ್ದಾಗಲೂ ಬೋರ್ಡು ನೋಡಿ, "ಆಯ್ತು ಬಿಡು" ಅಂದು ಒಳಗೆ ಹೋದಳು. ನಾವಿಬ್ಬರೂ ಒಂದೇ ಕಟ್ಟಡದಲ್ಲಿ ಇರುವುದು, ಮೇಲಿನ ಮನೆ ನನ್ನದು, ಕೆಳಗಿನದು ಅವಳದು. ನಾಟಕಕ್ಕೆ ಮಗುವಿಗೆ ಜಡೆ ಹಾಕಿ ಕಳಿಸಿದ್ದು ನಾನೇ. ಅಷ್ಟು ಮಾಡಿದ್ದಕ್ಕೇ ನನ್ನ ಮನಸ್ಸು ಹಗುರವಾಗಿತ್ತು, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ತಂಡದಲ್ಲೂ ಇದೇ ಕಥೆ. ತಂಗಿ ಹದಿನೈದು ವರ್ಷದಿಂದ ಹಿಂದಿನ ಸಾಲಿನಲ್ಲಿ ಆಡುತ್ತಾಳೆ. ಗೋಲು ಹೊಡೆಯುವ ಜಾಗವಲ್ಲ ಅದು, ಹೊಡೆಸಿಕೊಳ್ಳದಂತೆ ನೋಡಿಕೊಳ್ಳುವ ಜಾಗ. ಚೆನ್ನಾಗಿ ಆಡಿದರೆ ಯಾರಿಗೂ ಕಾಣುವುದಿಲ್ಲ, ಒಂದು ತಪ್ಪಾದರೆ ಊರಿಗೆಲ್ಲ ಕಾಣುತ್ತದೆ. ಹಿಂದೆ ಎರಡು ಸಲ ನಮ್ಮ ಆಟ ಪೆನಾಲ್ಟಿಗೆ ಹೋಗಿತ್ತು. ಎರಡು ಸಲವೂ ಐದು ಹೆಸರು ಕೊಡುವಾಗ ಅವಳನ್ನು ಹಾಕಲಿಲ್ಲ. ಹಾಕಿ, ಅವಳು ತಪ್ಪಿ, ಜನ ಆಡಿಕೊಂಡರೆ ಅನ್ನುವ ಭಯ.

ಈ ವರ್ಷ ಅವಳ ಬಲ ಮೊಣಕಾಲು ಕೈಕೊಟ್ಟಿತ್ತು. ಮೂಟೆ ಎತ್ತಿ ಎತ್ತಿ ಸವೆದದ್ದೋ, ಆಡಿ ಆಡಿ ಸವೆದದ್ದೋ, ಡಾಕ್ಟರು ಎರಡೂ ಅಂದರು. ಬರುವ ಗುರುವಾರಕ್ಕೆ ಆಪರೇಷನ್ ಗೊತ್ತಾಗಿತ್ತು. ಆಮೇಲೆ ನಡೆಯಬಹುದು, ಮೆಟ್ಟಿಲು ಹತ್ತಬಹುದು, ಚೆಂಡಿನ ಮಾತು ಎತ್ತುವ ಹಾಗಿಲ್ಲ. ಅದು ಗೊತ್ತಾದ ದಿನದಿಂದ ಅವಳು ಊಟದ ಬಿಡುವಿನಲ್ಲಿ ಲಾಂಡ್ರಿಯ ಹಿಂದುಗಡೆಯ ಗೋಡೆಗೆ ಚೆಂಡು ಒದೆಯಲು ಶುರುಮಾಡಿದಳು. ಹನ್ನೆರಡು ಹೆಜ್ಜೆ ಅಳೆದು ಗುರುತು ಹಾಕಿಕೊಂಡು, ದಿನಕ್ಕೆ ಇಪ್ಪತ್ತು ಒದೆತ. ಎಡಗಡೆಯ ಕೆಳಮೂಲೆಯ ಅದೇ ಇಟ್ಟಿಗೆಗೆ. ನಮ್ಮ ಗೋಲ್‌ಕೀಪರ್, ಉದ್ದ ಕಾಲಿನ ಕೊಕ್ಕರೆ, ಒಂದು ವಾರ ಅವಳ ಮುಂದೆ ನಿಂತು ನೋಡಿ, "ಅಕ್ಕ, ಎಲ್ಲಿಗೆ ಹೊಡೀತಾಳೆ ಅಂತ ಗೊತ್ತಿದ್ರೂ ಹಿಡಿಯೋಕಾಗಲ್ಲ. ದರಿದ್ರದ್ದು" ಅಂದಳು. ಕೊಕ್ಕರೆಯ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಫೈನಲ್ಲಿನ ಹಿಂದಿನ ದಿನ ಸಂಜೆ ತಂಗಿ ಮೇಲೆ ಬಂದಳು. ಮೊಣಕಾಲಿಗೆ ಬ್ಯಾಂಡೇಜು ಸುತ್ತಲು ಇನ್ನೊಬ್ಬರ ಕೈ ಬೇಕಿತ್ತು. ನಾನು ಸುತ್ತುತ್ತಿರುವಾಗ, ನನ್ನ ಮುಖ ನೋಡದೆ ಕೇಳಿದಳು.

"ನಾಳೆ ಪೆನಾಲ್ಟಿಗೆ ಹೋದ್ರೆ ನನಗೂ ಒಂದು ಕೊಡ್ತೀಯಾ?"

"ಕೊಡದೆ ಇರ್ತೀನಾ?"

"ಒಂದೇ ಒಂದು ಕಣೇ. ಹದಿನೈದು ವರ್ಷದಲ್ಲಿ ಒಂದು ಸಲನೂ ಒಬ್ಬಳೇ ಚೆಂಡಿನ ಮುಂದೆ ನಿಂತಿಲ್ಲ. ತಪ್ಪಿದ್ರೆ ತಪ್ಲಿ. ನಾನು ತಪ್ಪಿದೆ ಅಂತನಾದ್ರೂ ಆಗ್ಲಿ."

"ತಪ್ಪಲ್ಲ ನೀನು" ಅಂದೆ. ಬ್ಯಾಂಡೇಜಿನ ತುದಿಗೆ ಕ್ಲಿಪ್ಪು ಹಾಕಿದೆ. ಅವಳು ಚಿಕ್ಕವಳಿದ್ದಾಗ ನಗುತ್ತಿದ್ದ ಹಾಗೆ ನಕ್ಕು ಇಳಿದುಹೋದಳು. ನಾನು ಮಾತು ಕೊಟ್ಟದ್ದು ಹೀಗೆ. ಆ ಮಾತು ಸುಳ್ಳಾಗಿರಲಿಲ್ಲ, ಆ ಹೊತ್ತಿಗೆ.

ಈಗ ಮೈದಾನದಲ್ಲಿ ಮೇಷ್ಟ್ರು ಕಾಯುತ್ತಿದ್ದರು. ನಾನು ಎದ್ದು ಕೂತು ನಮ್ಮವರನ್ನು ಹತ್ತಿರ ಕರೆದು ಹೇಳಿದೆ: ಒಬ್ಬರು ಹೊರಗೆ ಹೋಗಬೇಕು.

ನಿಜ ಹೇಳಬೇಕೆಂದರೆ ಇದು ಬಹಳ ಸುಲಭದ ಕೆಲಸ. ಕೈಲಾಗದ ಒಬ್ಬಳನ್ನು ಬಿಟ್ಟುಬಿಡುವ ಅವಕಾಶ ಕೊಟ್ಟು ನಿಯಮವೇ ನಮಗೆ ಉಪಕಾರ ಮಾಡಿತ್ತು. ಆ ಒಬ್ಬಳು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಲಾಂಡ್ರಿಗೆ ಸೇರಿ ಮೂರು ತಿಂಗಳಾದ ಹೊಸಬಳು, ಎರಡು ಮಕ್ಕಳ ತಾಯಿ. ಜನ ಸಾಲದೆ ಎಳೆದುಕೊಂಡು ಬಂದಿದ್ದೆವು. ಚೆಂಡು ಹತ್ತಿರ ಬಂದರೆ ಪಕ್ಕಕ್ಕೆ ಸರಿದು ದಾರಿ ಕೊಡುವ ಸ್ವಭಾವ. ಅವಳೇ ನನ್ನ ತೋಳು ಹಿಡಿದುಕೊಂಡಳು.

"ಅಕ್ಕ, ನನ್ನನ್ನ ಬಿಟ್ಬಿಡಿ. ನಿಮ್ಮ ದಮ್ಮಯ್ಯ. ಕಾಲು ಹೇಗೆ ನಡುಗ್ತಿದೆ ನೋಡಿ."

"ಸರಿ, ನೀ..." ಅನ್ನುವಷ್ಟರಲ್ಲಿ ರೋಲರಮ್ಮ ಎದ್ದು ಕೂತಳು.

"ಅದು ಹೇಗೆ? ನನಗೂ ಕಾಲಿದೆ, ನಡುಗೋಕೆ. ಮೂರು ತಿಂಗಳ ಹಿಂದೆ ಬಂದೋಳಿಗೆ ಬಿಡುವು, ಹದಿನಾಲ್ಕು ವರ್ಷ ಬೆನ್ನು ಮುರ್ಕೊಂಡೋಳು ಒದೀಬೇಕು. ಇದ್ಯಾವ ನ್ಯಾಯ ಪಟ್ಟಿಯಕ್ಕ?"

"ಹಾಗಾದ್ರೆ ನನ್ನ ಕೇಳಿ" ಅಂದಳು ಮಡಿಸುವ ಮೇಜಿನವಳು. "ಈ ವಾರ ನಾಲ್ಕು ದಿನ ಬೆಳಗಿನ ಪಾಳಿ ನನ್ನದೇ. ನಿದ್ದೆ ಇಲ್ದೆ ಬಂದು ಆಡಿದೀನಿ."

"ಅಯ್ಯೋ, ನೀನೊಬ್ಬಳೇನಾ ಬೆಳಗ್ಗೆ ಏಳೋಳು?"

ಶುರುವಾಯಿತು. ಬೋರ್ಡಿನ ಮುಂದೆ ಆಗುವುದೇ ಹುಲ್ಲಿನ ಮೇಲೆ ಆಗತೊಡಗಿತು. ಒದೆಯುವುದು ಯಾರಿಗೂ ಬೇಕಿರಲಿಲ್ಲ. ತಪ್ಪಿದವಳು ಅನ್ನಿಸಿಕೊಳ್ಳುವ ಭಯ ಎಲ್ಲರ ಹೊಟ್ಟೆಯಲ್ಲೂ ಇತ್ತು. ಒಬ್ಬಳಿಗೆ ಬಿಡುವು ಸಿಗುತ್ತದೆ ಅಂದ ಕೂಡಲೇ ಅದು ತನಗೇ ಸಿಗಬೇಕು ಅಂತ ನಾಲ್ಕು ಜನ ಎದ್ದು ನಿಂತಿದ್ದರು. ತಂಗಿ ಮಾತ್ರ ಪಕ್ಕದಲ್ಲಿ ಕೂತು, ಕಾಲ್ಚೀಲ ಎಳೆದುಕೊಂಡು, ಬೂಟಿನ ದಾರ ಬಿಚ್ಚಿ ಮತ್ತೆ ಬಿಗಿಯುತ್ತಿದ್ದಳು. ಅವಳು ಈ ಜಗಳ ಕೇಳುತ್ತಲೇ ಇರಲಿಲ್ಲ. ಅವಳ ಕಣ್ಣು ಗೋಲಿನ ಎಡಗಡೆಯ ಕೆಳಮೂಲೆಯ ಮೇಲಿತ್ತು.

"ಅರ್ಧ ನಿಮಿಷ" ಅಂದರು ಮೇಷ್ಟ್ರು, ಗಡಿಯಾರ ನೋಡಿಕೊಂಡು.

ನನಗೆ ಸುಸ್ತಾಗಿತ್ತು. ಅದನ್ನು ಬೇರೆ ಯಾವ ರೀತಿಯಲ್ಲೂ ಹೇಳಲಾರೆ. ಕಾಲಿನ ಸುಸ್ತಲ್ಲ. ಹೊಸಬಳ ಹೆಸರು ಹೇಳಿದರೆ ರೋಲರಮ್ಮನಿಗೆ ಉತ್ತರ ಕೊಡಬೇಕು. ರೋಲರಮ್ಮನ ಹೆಸರು ಹೇಳಿದರೆ ಮೇಜಿನವಳಿಗೆ ಉತ್ತರ ಕೊಡಬೇಕು. ನಾಳೆ, ನಾಡಿದ್ದು, ಬರುವ ತಿಂಗಳು, ಮುಂದಿನ ವರ್ಷದ ಫೈನಲ್ ತನಕ ಉತ್ತರ ಕೊಡುತ್ತಲೇ ಇರಬೇಕು. ಈ ಹನ್ನೊಂದು ಜನರಲ್ಲಿ ಉತ್ತರ ಕೇಳದವಳು ಒಬ್ಬಳೇ ಇದ್ದಳು.

"ನನ್ನ ತಂಗಿನ ಬರ್ಕೊಳ್ಳಿ" ಅಂದೆ.

ಜಗಳ ತಟ್ಟನೆ ನಿಂತಿತು. ಕೊಕ್ಕರೆ ಮಾತ್ರ ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಿದಳು. "ಅಕ್ಕ, ತಲೆ ಕೆಟ್ಟಿದೆಯಾ? ಅವಳು..."

"ಮುಗೀತು. ಬರ್ಕೊಳ್ಳಿ ಮೇಷ್ಟ್ರೇ."

ಮೇಷ್ಟ್ರ ಪೆನ್ಸಿಲು ಒಂದು ಕ್ಷಣ ಹಾಗೇ ನಿಂತಿತು. ಅವರು ಅವಳ ಅಭ್ಯಾಸ ನೋಡಿದ್ದರು. ಕಳೆದ ವಾರ ಅವರು ಮೈದಾನದಲ್ಲಿ ಗೆರೆ ಎಳೆಯುತ್ತಿದ್ದಾಗ ಅವಳು ಹತ್ತು ಒದ್ದು ಹತ್ತನ್ನೂ ಗೋಲು ಮಾಡಿದ್ದಳು. "ಎಲ್ಲರೂ ಕೈಲಾಗದವರನ್ನ ಬಿಡ್ತಾರಮ್ಮ" ಅಂದರು ಮೆಲ್ಲಗೆ. ನಾನು ಚೀಟಿಯ ಕಡೆ ಬೆರಳು ತೋರಿಸಿದೆ. ಅವರು ಚೀಟಿಯಲ್ಲಿ ಅವಳ ಹೆಸರಿನ ಮೇಲೆ ಗೆರೆ ಎಳೆದರು, ನೆಟ್ಟಗಿನ ಗೆರೆ.

ತಂಗಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವಳು ನನ್ನತ್ತ ನೋಡಿದಳು. ಕೋಪ ಇರಲಿಲ್ಲ ಆ ನೋಟದಲ್ಲಿ, ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಎದ್ದಳು, ಪ್ಯಾಂಟಿಗೆ ಅಂಟಿದ ಹುಲ್ಲು ಕೊಡವಿಕೊಂಡಳು, ಕುಂಟುತ್ತಾ ಗೆರೆ ದಾಟಿ ಬೆಂಚಿಗೆ ಹೋಗಿ ಕೂತಳು. ಬಿಟ್ಟವರು ಮೈದಾನದೊಳಗೆ ಇರುವ ಹಾಗಿಲ್ಲ. ಅದೂ ನಿಯಮ.

"ಸ್ವಂತ ತಂಗಿನೇ ಬಿಟ್ಲು ನೋಡ್ರೇ" ಅಂದಳು ರೋಲರಮ್ಮ, ಪಕ್ಕದವಳಿಗೆ. "ಅನ್ನಬಾರದು, ಪಟ್ಟಿಯಕ್ಕ ಅಂದ್ರೆ ಪಟ್ಟಿಯಕ್ಕನೇ."

ಸುಳ್ಳು ಹೇಳುವುದಿಲ್ಲ, ಆ ಮಾತು ಕೇಳಿ ನನಗೆ ಹಿತವಾಯಿತು.

ಮೇಷ್ಟ್ರು ನಾಣ್ಯ ತೆಗೆದರು. ಎರಡು ಸಲ ಚಿಮ್ಮಬೇಕು, ಯಾವ ಗೋಲು ಅನ್ನುವುದಕ್ಕೆ ಒಂದು ಸಲ, ಯಾರು ಮೊದಲು ಅನ್ನುವುದಕ್ಕೆ ಇನ್ನೊಂದು ಸಲ. ಗೋಲಿನ ನಾಣ್ಯ ನನ್ನ ಕಡೆ ಬಿತ್ತು, ಬಿಸಿಲಿಗೆ ಬೆನ್ನು ಮಾಡಿದ ಗೋಲು ಆರಿಸಿಕೊಂಡೆ. ಎರಡನೆಯದು ಕಂಡಕ್ಟರಮ್ಮನ ಕಡೆ ಬಿತ್ತು, ಅವಳು ಹಿಂದೆ ಮುಂದೆ ನೋಡದೆ "ಮೊದಲು ನಾವು" ಅಂದಳು. ಮೊದಲು ಒದೆಯುವವರಿಗೆ ಒಂದು ಕೈ ಮೇಲು ಅಂತ ಮೇಷ್ಟ್ರು ವರ್ಷಗಳಿಂದ ಹೇಳಿಕೊಂಡು ಬಂದಿದ್ದಾರೆ. ಹಿಂದಿನಿಂದ ಬರುವವರು ಪ್ರತಿ ಸಲವೂ ಸಮ ಮಾಡುವ ಭಾರ ಹೊತ್ತುಕೊಂಡೇ ಒದೆಯಬೇಕಲ್ಲ. ಒಂದು ವರ್ಷ ಅವರು ಲೀಗಿನ ಸಭೆಯಲ್ಲಿ ಹೊಸ ಕ್ರಮ ತಂದರು. ಮೊದಲು ಇವರ ಒಂದು, ಆಮೇಲೆ ಅವರ ಎರಡು, ಆಮೇಲೆ ಇವರ ಎರಡು. ಯಾವ ತಂಡಕ್ಕೂ ತಲೆಬುಡ ತಿಳಿಯಲಿಲ್ಲ, ನಮ್ಮನ್ನು ಬಿಟ್ಟು. ನಮ್ಮ ಬೆಳಗು, ಮಧ್ಯಾಹ್ನದ ಪಾಳಿ ತಿರುಗುವುದೇ ಹಾಗೆ. ಎರಡು ಆಟದಲ್ಲಿ ಮೇಷ್ಟ್ರಿಗೇ ಲೆಕ್ಕ ತಪ್ಪಿ, ಹಳೆಯ ಕ್ರಮಕ್ಕೇ ವಾಪಸು ಬಂದೆವು. ನ್ಯಾಯವೂ ಅಷ್ಟೇ, ನೆನಪಿಟ್ಟುಕೊಳ್ಳಲು ಸುಲಭ ಇದ್ದರೆ ಮಾತ್ರ ಉಳಿಯುತ್ತದೆ.

ಒದೆತಗಳನ್ನು ಒಂದೊಂದಾಗಿ ಹೇಳಲು ನನಗೆ ಪುರುಸೊತ್ತಿದೆ, ನಿಮಗೆ ಇರಲಾರದು. ಐದೈದು ಮುಗಿದಾಗ ಮೂರು ಮೂರು. ನಮ್ಮ ಐದನೆಯದು ನನ್ನದು. ಚೆಂಡು ಕಂಬಕ್ಕೆ ತಾಗಿ ಒಳಗೆ ಹೋಯಿತು, ಅದು ನನ್ನ ಪುಣ್ಯ, ಕೌಶಲ ಅಲ್ಲ. ಆಮೇಲೆ ಒಂದೊಂದು. ಅವರು ಹಾಕಿದರೆ ನಾವು ಹಾಕುವುದು, ಅವರು ತಪ್ಪಿದರೆ ನಾವೂ ತಪ್ಪುವುದು. ರೋಲರಮ್ಮ ಬೈಯುತ್ತಾ ಹೋಗಿ ಗೋಲು ಹಾಕಿ ಬೈಯುತ್ತಾ ಬಂದಳು. ಪ್ರತಿಯೊಬ್ಬಳೂ ವೃತ್ತದಿಂದ ಚೆಂಡಿನ ತನಕ ನಡೆದುಹೋಗುವುದನ್ನು ನಾನು ನೋಡುತ್ತಿದ್ದೆ, ಆ ನಡಿಗೆ ಬಹಳ ಉದ್ದ. ಯಾರಿಗೂ ಬೇಡದ ನಡಿಗೆ. ಬೇಕಾಗಿದ್ದವಳು ಬೆಂಚಿನ ಮೇಲೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಕೂತಿದ್ದಳು. ನಮ್ಮವರು ಗೋಲು ಹಾಕಿದಾಗಲೆಲ್ಲ ಚಪ್ಪಾಳೆ ತಟ್ಟುತ್ತಿದ್ದಳು.

ಒಂಬತ್ತು ಮುಗಿದಾಗ ಆರು ಆರು. ಡಿಪೋದ ಹತ್ತನೆಯವಳು ಚೆಂಡನ್ನು ಗೋಲಿನ ಮೇಲಿನಿಂದ ಆಚೆ ರಸ್ತೆಗೆ ಕಳಿಸಿದಳು. ನಮ್ಮ ಹತ್ತನೆಯವಳು ಹೊಸಬಳು.

ಅವಳನ್ನು ಕೊನೆಗೆ ಇಟ್ಟದ್ದು ಅಲ್ಲಿಯವರೆಗೆ ಬರುವುದೇ ಇಲ್ಲ ಅನ್ನುವ ಧೈರ್ಯದಿಂದ. ಈಗ ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. "ಅಕ್ಕ, ಆಗಲ್ಲ" ಅಂದಳು. ನಾನು ಬೆನ್ನು ತಟ್ಟಿದೆ. ಬೇರೇನು ಮಾಡಲಿ? ಅವಳು ಹೋದಳು, ಚೆಂಡು ಇಟ್ಟಳು, ಕಣ್ಣು ಮುಚ್ಚಿಕೊಂಡು ಕಾಲ್ಬೆರಳಿನ ತುದಿಯಿಂದ ಕುಟ್ಟಿದಳು. ಅವರ ಗೋಲ್‌ಕೀಪರ್ ಜೋರಾದ ಒದೆತಕ್ಕೆ ಕಾದು ಬಲಕ್ಕೆ ಹಾರಿದ್ದಳು. ಚೆಂಡು ನಡುವಿನಲ್ಲಿ ತೆವಳಿಕೊಂಡು ಹೋಗಿ, ಗೆರೆಯ ಮೇಲೆ ನಿಲ್ಲುತ್ತದೋ ಅನ್ನಿಸಿ, ದಾಟಿತು.

ಗೆದ್ದೆವು. ಹೊಸಬಳು ಅಲ್ಲೇ ಕುಸಿದು ಕೂತು ಗಳಗಳನೆ ಅತ್ತಳು. ಹದಿನೈದು ವರ್ಷದ ಮೇಲೆ ಕಪ್ಪು ಸಿಕ್ಕಿತ್ತು, ಎತ್ತಿ ಹಿಡಿಯಲು ಯಾರ ತೋಳಿನಲ್ಲೂ ಬಲ ಇರಲಿಲ್ಲ.

ಇನ್‌ಚಾರ್ಜ್ ಸಾರ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಕಪ್ಪು ಕೊಡುವ ಮೇಜಿನ ಹತ್ತಿರ ಮೈಕು ಸಿಕ್ಕಿದ್ದೇ ತಡ ಮಾತು ಶುರುಮಾಡಿದರು. ಲಾಂಡ್ರಿಯ ಶಿಸ್ತು, ಒಗ್ಗಟ್ಟು, ಎಲ್ಲ ಆಯಿತು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ನಿಲ್ಲಿಸಿಕೊಂಡರು. "ಒಬ್ಬರನ್ನು ಕೈಬಿಡಬೇಕಾಗಿ ಬಂದಾಗ ಈ ತಾಯಿ ತನ್ನ ಒಡಹುಟ್ಟಿದವಳನ್ನೇ ಕೈಬಿಟ್ಟರು. ನ್ಯಾಯ ಅಂದ್ರೆ ಇದು!" ಅಂದರು. ಜನ ಚಪ್ಪಾಳೆ ತಟ್ಟಿದರು. ಡಿಪೋದವರೂ ತಟ್ಟಿದರು. ಹಿಂದಿನ ಸಾಲಿನಲ್ಲಿ ನನ್ನ ತಂಗಿಯೂ ತಟ್ಟುತ್ತಿದ್ದಳು. ನಾನು ತಲೆ ತಗ್ಗಿಸಿದೆ. ಜನ ಅದನ್ನು ವಿನಯ ಅಂದುಕೊಂಡರು.

ಬಟ್ಟೆ ಬದಲಿಸುವ ಕೋಣೆಗೆ ಹೋದಾಗ ತಂಗಿ ಒಬ್ಬಳೇ ಇದ್ದಳು. ಒಂದೇ ನಲ್ಲಿ, ಒಂದು ಉದ್ದನೆಯ ಬೆಂಚು, ಮೊಳೆಗಳ ಮೇಲೆ ನಮ್ಮ ಚೀಲಗಳು. ಅವಳು ಬೆಂಚಿನ ಮೇಲೆ ಕಾಲು ಚಾಚಿ ಬ್ಯಾಂಡೇಜು ಬಿಚ್ಚುತ್ತಿದ್ದಳು. ಮೊಣಕಾಲು ಊದಿಕೊಂಡಿತ್ತು. ಈ ಕಾಲಿಟ್ಟುಕೊಂಡು ನೂರಿಪ್ಪತ್ತು ನಿಮಿಷ ಓಡಿದ್ದಳು.

ನಾನು ಪಕ್ಕದಲ್ಲಿ ಕೂತೆ. ಹೊರಗೆ ರೋಲರಮ್ಮ ಕಪ್ಪನ್ನು ತಟ್ಟಿ ತಾಳ ಹಾಕುತ್ತಿದ್ದಳು.

"ಎಲ್ಲರೂ ಹೋದ್ಮೇಲೆ ಮೈದಾನ ಖಾಲಿ ಇರುತ್ತೆ" ಅಂದೆ. "ಕೊಕ್ಕರೆನ ನಿಲ್ಲಿಸ್ತೀನಿ. ಒಂದಲ್ಲ, ಹತ್ತು ಒದಿ."

ಅವಳು ನಕ್ಕಳು. "ಅದನ್ನ ಲಾಂಡ್ರಿ ಗೋಡೆಗೆ ದಿನಾ ಒದ್ದಿದೀನಲ್ಲೇ. ಗೋಡೆಗೂ ಅದಕ್ಕೂ ಏನು ವ್ಯತ್ಯಾಸ?"

"ಜಗಳ ಶುರುವಾಗಿತ್ತು, ನೀನೂ ನೋಡಿದೆ. ಹೊಸಬಳ ಹೆಸರು ಹೇಳಿದ್ರೆ ಸುಮ್ಮನೆ ಬಿಡ್ತಿದ್ರಾ? ನಿನ್ನನ್ನ ಇಟ್ಕೊಂಡು ಬೇರೆಯವರನ್ನ ಬಿಟ್ರೆ ಜನ ಏನಂತಿದ್ರು?"

"ಜನ ಏನಂತಾರೆ ಅಂತ ಅಲ್ಲ ಅಕ್ಕ." ಬ್ಯಾಂಡೇಜನ್ನು ಸುರುಳಿ ಸುತ್ತುತ್ತಾ ಹೇಳಿದಳು, ಯಾವ ಏರಿಳಿತವೂ ಇಲ್ಲದ ದನಿಯಲ್ಲಿ. "ನಾನು ಏನೂ ಅನ್ನಲ್ಲ ಅಂತ."

ಏಳು ವರ್ಷದಿಂದ ಮೂವತ್ತು ಹೆಂಗಸರಿಗೆ ಉತ್ತರ ಕೊಟ್ಟು ಪಳಗಿದ ಬಾಯಿ ನನ್ನದು. ಆದರೆ ಅವಳು ಹೇಳಿದ್ದು ನಿಜ.

"ಬೈಯೇ" ಅಂದೆ. "ಎರಡು ಬಾರಿಸು ಬೇಕಾದ್ರೆ."

"ಸುಸ್ತಾಗಿದೆ ಕಣೇ." ಸುರುಳಿಗೆ ಕ್ಲಿಪ್ಪು ಹಾಕಿ, "ಆಪರೇಷನ್ ಆದ್ಮೇಲೆ ನಾನು ಲಾಂಡ್ರಿಗೆ ಬರಲ್ಲ. ಆಸ್ಪತ್ರೆ ಹೊಲಿಗೆ ಕೋಣೆಗೆ ಹಾಕಿ ಅಂತ ಕೇಳ್ಕೊಂಡಿದ್ದೆ. ಆಗಲಿ ಅಂದಿದಾರೆ. ಕೂತು ಮಾಡೋ ಕೆಲಸ. ಅಲ್ಲಿ ಪಟ್ಟಿ ಬೇರೆಯವರು ಬರೀತಾರೆ."

ನಾನು ಅವಳ ಕಡೆ ತಿರುಗಿ ಕೂತೆ. "ಯಾವಾಗ ಕೇಳ್ಕೊಂಡೆ? ನನಗೆ ಹೇಳ್ಲೇ ಇಲ್ಲ."

"ತಿಂಗಳಾಯ್ತು. ಕಾಗದ ಬಂದು ಹತ್ತು ದಿನ ಆಯ್ತು. ನಾಳೆ ಬೆಳಗ್ಗೆ ಆಫೀಸಿಗೆ ಕೊಡೋಕೆ ಕೊನೇ ದಿನ. ಚೀಲದಲ್ಲೇ ಇದೆ, ಸಹಿ ಮಾಡಿರ್ಲಿಲ್ಲ."

"ಯಾಕೆ ಮಾಡ್ಲಿಲ್ಲ?"

"ಹದಿನೈದು ವರ್ಷ ಜೊತೇಲಿ ಹೋಗಿ ಬಂದಿದೀವಿ. ಸುಲಭ ಅಲ್ಲ ಅಕ್ಕ. ಈ ಆಟ ಒಂದು ಆಗ್ಲಿ, ನೋಡೋಣ ಅಂದ್ಕೊಂಡೆ. ನಿನ್ನೆ ನೀನು ಕೊಡ್ತೀನಿ ಅಂದಾಗ, ಬೇಡ ಬಿಡು, ಕಾಗದ ಹರಿದುಹಾಕೋಣ ಅಂತಾನೇ ಇದ್ದೆ."

ನನಗೆ ಅಳು ಬಂತು. ತಡೆಯಲಿಲ್ಲ. ಅವಳು ತನ್ನ ಹೆಗಲಿನ ಟವೆಲ್ಲು ತೆಗೆದು ನನ್ನ ಮಡಿಲಿಗೆ ಹಾಕಿದಳು, ಆಮೇಲೆ ಕೈ ಚಾಚಿ ಮೊಳೆಯಿಂದ ಚೀಲ ತೆಗೆದು ನಾಲ್ಕು ಮಡಿಕೆಯ ಕಾಗದ ಹೊರಗೆ ಎಳೆದಳು. ಚೀಲದೊಳಗೆ ಮತ್ತೇನೋ ಹುಡುಕಿದಳು. ಸಿಗಲಿಲ್ಲ.

"ಪೆನ್ ಇದೆಯಾ?"

ನನ್ನ ಚೀಲದಲ್ಲಿ ಪೆನ್ನು ಇಲ್ಲದ ದಿನವೇ ಇಲ್ಲ. ಕೊಟ್ಟೆ.

ಅವಳು ಚೆನ್ನಾಗಿರುವ ಮೊಣಕಾಲಿನ ಮೇಲೆ ಕಾಗದ ಹರವಿ ಸಹಿ ಹಾಕತೊಡಗಿದಳು. ಕಾಗದ ಜಾರುತ್ತಿತ್ತು. ಒಂದು ತುದಿಯನ್ನು ನಾನು ಹಿಡಿದುಕೊಂಡೆ.